ಮನೆ ರಿಪೇರಿಯಲ್ಲಿದೆ, ಲಂಡನ್ ನೋಡ್ಕೊಂಡು ಹೋಗಿ!

ಹೊರದೇಶದಲ್ಲಿರುವ ನಮ್ಮಂಥವರಿಗೆ ಒಂದು ಕಾಯಿಲೆ ಇದೆ. ಊರಿಂದ ಹಳೇ ಗೆಳೆಯರು "ಬರ್ತಾ ಇದೀವಿ ಕಣೋ" ಅಂತ ಫೋನ್ ಮಾಡಿದ ತಕ್ಷಣ ಅದು ಜೋರಾಗುತ್ತದೆ. ಮೊದಲ ಲಕ್ಷಣ, ಎಕ್ಸೆಲ್ ಶೀಟ್ ತೆರೆಯುವುದು. ಒಂದು ಕಾಲಮ್ಮಿನಲ್ಲಿ ಜಾಗದ ಹೆಸರು, ಇನ್ನೊಂದರಲ್ಲಿ ಟಿಕೆಟ್ಟಿನ ದರ, ಮತ್ತೊಂದರಲ್ಲಿ ಅಲ್ಲಿ ಎಷ್ಟು ನಿಮಿಷ ಇರಬೇಕು ಅನ್ನುವ ಲೆಕ್ಕ. ಎರಡನೇ ಲಕ್ಷಣ, ಮಾತಿನ ಮಧ್ಯೆ 'ನಮ್ಮ ಲಂಡನ್' ಅನ್ನೋ ಪದ ನುಸುಳುವುದು. ಮೂರನೆಯದು ಸ್ವಲ್ಪ ಗಂಭೀರ. ಅದನ್ನ ಆಮೇಲೆ ಹೇಳ್ತೀನಿ.

ಬೇರೆಯವರನ್ನ ಬಯ್ಯೋಣ ಅಂತಲೇ ಇದನ್ನ ಬರೆಯೋಕೆ ಕೂತೆ. ಬರೀತಾ ಬರೀತಾ ಬೈಗುಳವೆಲ್ಲ ನನ್ನ ಕಡೆಗೇ ತಿರುಗಿತು. ಇರಲಿ, ಅದರಲ್ಲಿ ಪಾಲು ಬೇಕಾದವರು ಧಾರಾಳವಾಗಿ ತಗೊಳ್ಳಿ :)

2025ರ ಜೂನ್‌ನಲ್ಲಿ ನನ್ನ ಇಬ್ಬರು ಇಂಜಿನಿಯರಿಂಗ್ ಗೆಳೆಯರು ಬಂದಿದ್ದರು. ಹೆಸರು ಬೇಡ. ಹಾಸ್ಟೆಲ್ಲಿನಲ್ಲಿ ನಮ್ಮನ್ನೆಲ್ಲ ಊರಿನ ಹೆಸರಲ್ಲೇ ಕರೀತಿದ್ದರು, ಅದೇ ಸಾಕು. ಒಬ್ಬ ತಿಪಟೂರು, ಇನ್ನೊಬ್ಬ ಶಿರಸಿ. ಶಿರಸಿಯನ್ನ ಆಫೀಸಿನವರು ಎರಡು ವಾರದ ಕೆಲಸಕ್ಕೆ ಇಂಗ್ಲೆಂಡಿಗೆ ಕಳಿಸಿದ್ದರು. "ಅವನು ಹೋಗ್ತಿದ್ರೆ ನಾನೂ ಬರ್ತೀನಿ" ಅಂತ ತಿಪಟೂರು ಟೂರಿಸ್ಟ್ ವೀಸಾ ಮಾಡಿಸಿಕೊಂಡು, ಕೂಡಿಟ್ಟ ದುಡ್ಡಲ್ಲಿ ಟಿಕೆಟ್ ತಗೊಂಡು ಹೊರಟ. ಲಂಡನ್ನಿನಲ್ಲಿ ನಾಲ್ಕು ದಿನ. ಮೂರೂ ಜನ ಒಟ್ಟಿಗೆ ಸೇರಿ ಐದು ವರ್ಷದ ಮೇಲಾಗಿತ್ತು.

ಈಗ ಮೂರನೇ ಲಕ್ಷಣಕ್ಕೆ ಬರ್ತೀನಿ. ಅವರು ಬರೋಕೆ ಹತ್ತು ದಿನ ಇರುವಾಗ ನಾನೊಂದು ಸುಳ್ಳು ಹೇಳಿದೆ. "ಮನೇಲಿ ರಿಪೇರಿ ನಡೀತಿದೆ ಕಣ್ರೋ, ಪೈಪ್ ಒಡೆದು ಗೋಡೆಯೆಲ್ಲ ನೀರು. ನಿಮಗೆ ಟವರ್ ಹಿಲ್ ಹತ್ರ ಹೋಟೆಲ್ ರೂಮ್ ಮಾಡಿದೀನಿ, ದುಡ್ಡಿನ ಮಾತಾಡ್ಬೇಡಿ."

ಪೈಪೂ ಒಡೆದಿರಲಿಲ್ಲ, ಗೋಡೆಗೆ ನೀರೂ ಇಳಿದಿರಲಿಲ್ಲ. ನಾನಿರೋದು ಪೂರ್ವ ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ. ಸಾಲುಮನೆಯೊಂದರಲ್ಲಿ ಐದು ರೂಮು, ಐದೂ ರೂಮಿಗೆ ಬೇರೆ ಬೇರೆ ಬಾಡಿಗೆದಾರರು, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಒಂದು ಬಚ್ಚಲು. ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅರೆ, ಅದರ ಮೇಲೆ ಹೆಸರು ಬರೆದ ಚೀಟಿ. ನನ್ನ ರೂಮಿನಲ್ಲಿ ಮಂಚ ಹಾಕಿದ ಮೇಲೆ ಕುರ್ಚಿ ಎಳೆದರೆ ಬಾಗಿಲು ಪೂರ್ತಿ ತೆರೆಯೋದಿಲ್ಲ. ಸಾಫ್ಟ್‌ವೇರ್ ಇಂಜಿನಿಯರ್, ಲಂಡನ್, ಪೌಂಡಿನಲ್ಲಿ ಸಂಬಳ.. ಎಲ್ಲ ನಿಜವೇ. ಆದರೆ ಒಂಟಿ ಮನೆ ಮಾಡಿದರೆ ಸಂಬಳದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಗುತ್ತೆ, ಊರಿಗೆ ಕಳಿಸೋಕೆ ಏನೂ ಉಳಿಯೋದಿಲ್ಲ. ಇದು ನಾಚಿಕೆಪಡೋ ವಿಷಯವೇ ಅಲ್ಲ ಅಂತ ಇವತ್ತು ಬರೆಯೋಕೆ ಸುಲಭ. ಅವತ್ತು ನಾಚಿಕೆಯಾಗಿತ್ತು. ಎಷ್ಟು ಅಂದರೆ ಅದನ್ನ ಮುಚ್ಚಿಡೋಕೆ ಮೂರು ರಾತ್ರಿ ಹೋಟೆಲ್ಲಿಗೆ ದುಡ್ಡು ಸುರಿಯುವಷ್ಟು.

ಸರಿ, ಎಕ್ಸೆಲ್ ಶೀಟಿನ ಪ್ರಕಾರ ಪ್ರವಾಸ ಶುರುವಾಯಿತು. ಮೊದಲ ದಿನ ಟವರ್ ಬ್ರಿಜ್. "ಎಲ್ಲರೂ ಇದನ್ನೇ ಲಂಡನ್ ಬ್ರಿಜ್ ಅನ್ಕೋತಾರೆ, ಅದು ಪಕ್ಕದ್ದು, ನೋಡೋಕೆ ಏನೂ ಇಲ್ಲ. ಇದು 1894ರಲ್ಲಿ ತೆರೆದದ್ದು" ಅಂದೆ. ವೆಸ್ಟ್‌ಮಿನ್‌ಸ್ಟರಿನಲ್ಲಿ ನಿಂತು "ಬಿಗ್ ಬೆನ್ ಅನ್ನೋದು ಒಳಗಿನ ಗಂಟೆಯ ಹೆಸರು ಕಣ್ರೋ, ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಅಂತಾರೆ" ಅಂದೆ. 135 ಮೀಟರ್ ಎತ್ತರದ ಲಂಡನ್ ಐ ಹತ್ತಿಸಿದೆ. ಇಳಿದ ಮೇಲೆ ನದೀ ದಂಡೆಯಲ್ಲೇ ನಡೆಸಿಕೊಂಡು ಹೋಗಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆ ತೋರಿಸಿದೆ. ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲರ ಪ್ರಯತ್ನದಿಂದ ಅಲ್ಲಿ ನಿಂತಿರುವ ಆ ಪ್ರತಿಮೆಯನ್ನ ಪ್ರಧಾನಿ ಮೋದಿ 2015ರ ನವೆಂಬರ್ 14ರಂದು ಅನಾವರಣ ಮಾಡಿದ್ದರು. ನದಿಯ ಆಚೆ ಬ್ರಿಟಿಷ್ ಪಾರ್ಲಿಮೆಂಟು, ಈಚೆ ನಮ್ಮ ಬಸವಣ್ಣ. ಮೂರು ಜನ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡೆವು. ಕಾಯಕದ ಬಗ್ಗೆ ಜೀವನಪೂರ್ತಿ ಮಾತಾಡಿದ ಮನುಷ್ಯನ ಪಕ್ಕ ನಿಂತಿದ್ದೆ. ನಾನು ದಿನಾ ಏನು ಕಾಯಕ ಮಾಡ್ತೀನಿ, ಎಲ್ಲಿ ಮಾಡ್ತೀನಿ, ಯಾರ ಜೊತೆ ಮಾಡ್ತೀನಿ ಅಂತ ಆ ಇಬ್ಬರಿಗೆ ಒಂದು ಮಾತು ಹೇಳಿರಲಿಲ್ಲ.

ಎರಡನೇ ದಿನ ಮ್ಯೂಸಿಯಂಗಳು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಹುಲಿ ಇದೆ, ಎಲ್ಲರಿಗೂ ಗೊತ್ತಿರೋದೇ. ಯುರೋಪಿನ ಸಿಪಾಯಿಯ ಮೇಲೆ ಎರಗಿರುವ ಮರದ ಹುಲಿ, ಹೊಟ್ಟೆಯೊಳಗೆ ಆರ್ಗನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯವರು ಹೊತ್ತು ತಂದದ್ದು. "ನೋಡ್ರೋ, ನಮ್ಮದು, ನಮ್ಮ ಮಂಡ್ಯ ಜಿಲ್ಲೆಯಿಂದ ಬಂದದ್ದು" ಅಂತ ನಾನೇ ಮಾಲೀಕನ ಥರ ಭಾಷಣ ಬಿಗಿದೆ. ಗಾಜಿನ ಪೆಟ್ಟಿಗೆಯನ್ನ ಸುಮ್ಮನೆ ನೋಡ್ತಾ ನಿಂತಿದ್ದ ಶಿರಸಿ "ಪಾಪ ಮಾರಾಯ, ಇದಕ್ಕೂ ವಾಪಸ್ ಹೋಗೋ ವೀಸಾ ಸಿಗಲಿಲ್ಲ ಕಾಣ್ತದೆ" ಅಂದ. ನಕ್ಕೆವು. ಅವನು ಕೇಳಿದ್ದು ಹುಲಿಯ ಬಗ್ಗೆ ಮಾತ್ರವಾ ಅನ್ನೋ ಅನುಮಾನ ನನಗೆ ಬಂದದ್ದು ಎಷ್ಟೋ ದಿನ ಆದಮೇಲೆ.

ಮೂರನೇ ದಿನ ಗ್ರೀನಿಚ್. ಇಲ್ಲಿ ಆದದ್ದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕೆಂದರೆ ನನ್ನ ಇಡೀ ತಕರಾರು ಇದರೊಳಗೇ ಇದೆ. ಗುಡ್ಡದ ಮೇಲಿನ ವೀಕ್ಷಣಾಲಯದ ಅಂಗಳದಲ್ಲಿ ಸೊನ್ನೆ ರೇಖಾಂಶದ ಲೋಹದ ಗೆರೆ ಇದೆ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ದೇಶಗಳೆಲ್ಲ ಸೇರಿ ಇದನ್ನೇ ಜಗತ್ತಿನ ಸೊನ್ನೆ ಅಂತ ಒಪ್ಪಿದ್ದು. ಒಳಗೆ ಹೋಗೋಕೆ ಟಿಕೆಟ್ಟು. ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳೋಕೆ ಸರತಿ ಸಾಲು. ನಾವೂ ನಿಂತೆವು. ನಮ್ಮ ಸರದಿ ಬಂದಾಗ ತಿಪಟೂರು ಮೊಬೈಲ್ ತೆಗೆದು ಜಿಪಿಎಸ್ ನೋಡಿದ. "ಲೇ, ಸೊನ್ನೆ ಬರ್ತಿಲ್ವಲ್ಲೋ ಇಲ್ಲಿ!"

ಬರೋದಿಲ್ಲ. ಹತ್ತೊಂಬತ್ತನೇ ಶತಮಾನದ ದೂರದರ್ಶಕವನ್ನ ಆ ಜಾಗದ ಗುರುತ್ವಕ್ಕೆ ತಕ್ಕಂತೆ ಸಮ ಮಾಡಿ ನಿಲ್ಲಿಸಿದ್ದರು. ಅಲ್ಲಿ ಗುರುತ್ವದ ದಿಕ್ಕು ಭೂಮಿಯ ಕೇಂದ್ರಕ್ಕೆ ನೋಡಿದರೆ ಒಂಚೂರು ಓರೆ. ಉಪಗ್ರಹಗಳು ಅಳೆಯೋದು ಭೂಮಿಯ ಕೇಂದ್ರದಿಂದ. ಹಾಗಾಗಿ ಇವತ್ತು ನಮ್ಮ ಮೊಬೈಲುಗಳು ಬಳಸುವ ಸೊನ್ನೆ ಆ ಗೆರೆಯಿಂದ ಸುಮಾರು 102 ಮೀಟರ್ ಪೂರ್ವಕ್ಕಿದೆ, ಟಿಕೆಟ್ ಇಲ್ಲದ ಪಾರ್ಕಿನೊಳಗೆ. ಮೂರು ಜನ ಇಂಜಿನಿಯರುಗಳು ಮೊಬೈಲ್ ಹಿಡಿದುಕೊಂಡು ಹುಡುಕುತ್ತಾ ಹೋದೆವು. ಸೊನ್ನೆ ಬಂದ ಜಾಗದಲ್ಲಿ ಬರೀ ಹುಲ್ಲು. ಯಾರೋ ನಾಯಿ ಓಡಾಡಿಸ್ತಿದ್ದರು. ಶಿರಸಿ ಸುತ್ತ ನೋಡಿ "ಫೋಟೋ ತೆಗೆಯೋ ಜಾಗ ಒಂದು ಕಡೆ, ಅಸಲಿ ಜಾಗ ಇನ್ನೊಂದು ಕಡೆ" ಅಂದ. ಅವನು ಭೂಗೋಳದ ಬಗ್ಗೆ ಹೇಳಿದ. ನಾನು ಮಾತ್ರ ಕೆಮ್ಮಿದೆ.

ಅವತ್ತು ರಾತ್ರಿ ಹೋಟೆಲ್ಲಿನಲ್ಲಿ ಅವರ ಬ್ಯಾಗ್ ತುಂಬಿಸೋಕೆ ನೆರವಾಗ್ತಾ ಕೂತಿದ್ದೆ. ಒಂಬತ್ತೂವರೆಯಾದರೂ ಕಿಟಕಿಯಲ್ಲಿ ಇನ್ನೂ ಬೆಳಕು. ತಿಪಟೂರು ತುಂಬಾ ಸಮಾಧಾನದ ಧ್ವನಿಯಲ್ಲಿ ಹೇಳಿದ.

"ನನ್ ತಮ್ಮನ್ನ ಜನವರಿಗೆ ಇಲ್ಲಿಗೇ ಎಂಎಸ್‌ಗೆ ಕಳಿಸೋದು ಅಂತ ಫೈನಲ್ ಮಾಡ್ದೆ ಕಣೋ. ಅಪ್ಪಂಗೆ ಅನುಮಾನ ಇತ್ತು. ಮೂರು ದಿನದಿಂದ ಫೋಟೋ ಕಳಿಸ್ತಾ ಇದೀನಲ್ಲ, ಇವತ್ತು ಅಪ್ಪನೇ ಫೋನ್ ಮಾಡಿ ತೋಟದ ಮೇಲೆ ಲೋನ್ ತೆಗೆಯೋಣ ಅಂದ್ರು. ನಿನ್ನ ನೋಡಿದ್ರೆ ಗೊತ್ತಾಗ್ತದಲ್ವಾ, ಎಷ್ಟು ಚೆನ್ನಾಗಿದೀಯ ಅಂತ."

ಹೊಟ್ಟೆಯೊಳಗೆ ತಣ್ಣಗಾಯಿತು. ಅವನ ತೋಟ ನಾನು ನೋಡಿದ್ದೇನೆ.

ಅದನ್ನ ಹೇಳದೆ ಈ ಕಥೆ ಪೂರ್ತಿಯಾಗೋದಿಲ್ಲ. ಕಾಲೇಜಿನ ಕೊನೇ ವರ್ಷದ ರಜೆಯಲ್ಲಿ ನಾವು ಮೂವರೂ ಒಬ್ಬೊಬ್ಬರ ಊರಿಗೂ ಹೋಗಿದ್ದೆವು. ತಿಪಟೂರಿನಲ್ಲಿ ಅವರಪ್ಪ ನಮ್ಮನ್ನ ಏಣಿ ಹತ್ತಿಸಿ ಅಟ್ಟಕ್ಕೆ ಕರ್ಕೊಂಡು ಹೋದರು. ತೆಂಗಿನಕಾಯಿ ಸಿಪ್ಪೆ ಸಮೇತ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಬೇಕು. ಒಳಗಿನ ನೀರೆಲ್ಲ ಆರಿ, ಅಲ್ಲಾಡಿಸಿದರೆ ಗಡಗಡ ಅಂದಾಗ ಮಾತ್ರ ಅದು ಉಂಡೆ ಕೊಬ್ಬರಿ. ಒಂದನ್ನ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದರು. ಒಂದು ವರ್ಷ ಕಾದು, ಮಾರುಕಟ್ಟೆಗೆ ಹಾಕೋ ದಿನ ರೇಟು ಬಿದ್ದುಹೋದರೆ ಏನಾಗುತ್ತೆ ಅಂತಲೂ ಹೇಳಿದರು. ಆಮೇಲೆ ಊಟಕ್ಕೆ ಎಬ್ಬಿಸಿದರು. ಶಿರಸಿಯ ಮನೆಯವರು ಬನವಾಸಿ, ಸಹಸ್ರಲಿಂಗ ಎಲ್ಲ ತೋರಿಸಿದರು ನಿಜ. ಆದರೆ ಎಲ್ಲಕ್ಕಿಂತ ಮೊದಲು ತೋರಿಸಿದ್ದು ಕೊಳೆ ರೋಗ ಬಂದ ಅಡಿಕೆ ತೋಟವನ್ನ. ಮಳೆ ಬಿಡದೇ ಹೊಯ್ದರೆ ಬೋರ್ಡೋ ದ್ರಾವಣ ಹೊಡೆಯೋಕೆ ಆಗೋದಿಲ್ಲ, ಹೊಡೆಯದಿದ್ದರೆ ಕಾಯಿ ಉದುರುತ್ತೆ ಅಂತ ಅವನ ದೊಡ್ಡಪ್ಪ ನಗುನಗುತ್ತಲೇ ವಿವರಿಸಿದ್ದರು. ಕಾಲ ಕೆಳಗೆ ಎಳೆ ಅಡಿಕೆ ಕೊಳೆತು ಬಿದ್ದಿತ್ತು.

ನಾವು ಮೂರು ಜನ ಹೊರಗಿನ ಹುಡುಗರಲ್ಲ ಅನ್ನೋದಕ್ಕೆ ಅದೇ ಗುರುತು. ಹೊರಗಿನವರನ್ನ ಜಗಲಿಯಲ್ಲಿ ಕೂರಿಸಿ ಪಾನಕ ಕೊಡ್ತಾರೆ, ಒಳಗಿನವರಿಗೆ ಅಟ್ಟ, ಹಿತ್ತಲು, ಕೊಟ್ಟಿಗೆ ಎಲ್ಲ ತೋರಿಸ್ತಾರೆ. ಆ ಇಬ್ಬರೂ ನನಗೆ ತಮ್ಮ ಸಾಲ ಸಮೇತ ಮನೆ ತೋರಿಸಿದ್ದರು. ನಾನು ಅವರನ್ನ ಲಂಡನ್ ಅನ್ನೋ ದೊಡ್ಡ ಜಗಲಿಯ ಮೇಲೆ ಮೂರು ದಿನ ಕೂರಿಸಿ, ಪಾನಕ ಕೊಟ್ಟು, ಒಳಗೆ ಬರಬೇಡಿ, ರಿಪೇರಿ ನಡೀತಿದೆ ಅಂದಿದ್ದೆ.

ಈಗ ನನ್ನ ವಾದ ಏನು ಅಂತ ನೇರವಾಗಿ ಹೇಳಿಬಿಡ್ತೀನಿ. ಹೊರದೇಶದಲ್ಲಿರುವ ನಾವು ಗೆಳೆಯರಿಗೆ ಊರು ತೋರಿಸ್ತೀವಿ ಅಂತ ಮಾಡೋದು ಬಹಳ ಸಲ ಊರು ತೋರಿಸೋದೇ ಅಲ್ಲ. ಅದು ನಮ್ಮನ್ನ ನಾವು ಮರೆಮಾಚಿಕೊಳ್ಳೋ ಕೆಲಸ. ಟವರ್ ಬ್ರಿಜ್ ನಮ್ಮ ಪರದೆ. ಮತ್ತೆ ಇದು ಮುಗ್ಧ ಸುಳ್ಳಲ್ಲ. ಬೆಂಗಳೂರಿನ ಯಾವುದೋ ಕನ್ಸಲ್ಟೆನ್ಸಿಯ ಬಣ್ಣಬಣ್ಣದ ಬ್ರೋಷರನ್ನ ಇವತ್ತು ಯಾರೂ ಪೂರ್ತಿ ನಂಬೋದಿಲ್ಲ. ಅವನು ಕಮಿಷನ್‌ಗೆ ಮಾಡ್ತಾನೆ ಅಂತ ತಿಪಟೂರಿನ ಅಪ್ಪನಿಗೂ ಗೊತ್ತು. ಆದರೆ ಮಗನ ಗೆಳೆಯನನ್ನ ನಂಬ್ತಾರೆ. ಆ ನಂಬಿಕೆಯ ಮೇಲೆ ತೋಟ ಅಡ ಇಡ್ತಾರೆ. ಕನ್ಸಲ್ಟೆನ್ಸಿಯವನು ದುಡ್ಡು ತಗೊಂಡು ಹೇಳುವ ಸುಳ್ಳನ್ನ ನಾವು ನಮ್ಮದೇ ಕೈಯಿಂದ ದುಡ್ಡು ಹಾಕಿ ಹೇಳ್ತೀವಿ!

ಅವರು ಏನನ್ನ ನೋಡಿರಲಿಲ್ಲ, ಲೆಕ್ಕ ಹಾಕಿ. ಜೂನ್‌ನಲ್ಲಿ ಬಂದಿದ್ದರು, ರಾತ್ರಿ ಒಂಬತ್ತೂಕಾಲರ ತನಕ ಸೂರ್ಯ. ಡಿಸೆಂಬರಿನಲ್ಲಿ ಎಂಟು ಗಂಟೆಗೆ ಹುಟ್ಟಿ ನಾಲ್ಕಕ್ಕೆ ಮೊದಲೇ ಮುಳುಗುವ ಸೂರ್ಯನನ್ನ ಅವರು ನೋಡಿರಲಿಲ್ಲ. ಕತ್ತಲಲ್ಲಿ ಆಫೀಸಿಗೆ ಹೋಗಿ ಕತ್ತಲಲ್ಲೇ ವಾಪಸ್ ಬಂದು, ಶನಿವಾರದ ತನಕ ನನ್ನ ಕಿಟಕಿಯಲ್ಲಿ ಬಿಸಿಲು ನೋಡದ ವಾರಗಳು ಅವರಿಗೆ ಗೊತ್ತಿರಲಿಲ್ಲ. ನನ್ನ ವೀಸಾ ಕೆಲಸಕ್ಕೆ ಅಂಟಿಕೊಂಡಿದೆ, ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಬ್ಬ ಸ್ಪಾನ್ಸರ್ ಹುಡುಕಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು ಅನ್ನೋದೂ ಗೊತ್ತಿರಲಿಲ್ಲ. ಟೀಮಿನಲ್ಲಿ 'ರಿಸ್ಟ್ರಕ್ಚರಿಂಗ್' ಅನ್ನೋ ಪದ ಕೇಳಿದ ರಾತ್ರಿ ನನಗೆ ನಿದ್ದೆ ಬರೋದಿಲ್ಲ. ಇದನ್ನ ಹೇಳೋಕೆ ಮೂರು ದಿನ ಇತ್ತು. ಬಿಗ್ ಬೆನ್ ಅಂದರೆ ಗಂಟೆಯ ಹೆಸರು ಅಂತ ಹೇಳಿದೆ.

ನಾಲ್ಕನೇ ದಿನ ಶೀಟಿನಲ್ಲಿ ವಿಂಡ್ಸರ್ ಅರಮನೆ ಇತ್ತು. ತಿಪಟೂರಿನ ವಿಮಾನ ರಾತ್ರಿಗೆ. ಶಿರಸಿ ಆಫೀಸಿನ ಊರಿಗೆ ಸಂಜೆ ಹೋದರೆ ಸಾಕಿತ್ತು. ಬೆಳಿಗ್ಗೆ ಆರೂವರೆಗೆ ಹೋಟೆಲ್ಲಿಗೆ ಹೋಗಿ ಬಾಗಿಲು ತಟ್ಟಿದೆ.

"ಅರಮನೆ ಕ್ಯಾನ್ಸಲ್. ಮನೆಗೆ ಹೋಗೋಣ ಬನ್ನಿ."

"ರಿಪೇರಿ?" ಅಂದ ಶಿರಸಿ.

"ಸುಳ್ಳು ಹೇಳಿದ್ದೆ."

ಇಬ್ಬರೂ ಏನೂ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟವರ್ ಹಿಲ್ ಸ್ಟೇಷನ್ನಿನಲ್ಲಿ ಡಿಸ್ಟ್ರಿಕ್ಟ್ ಲೈನ್ ಹತ್ತಿದೆವು. ಪ್ರವಾಸಿಗರು ಹೋಗೋ ದಿಕ್ಕಿಗೆ ವಿರುದ್ಧ. ಎದುರುಗಡೆ ಪಟ್ಟಣದ ಕಡೆ ಹೋಗೋ ರೈಲು ಕಿಕ್ಕಿರಿದಿತ್ತು. "ದಿನಾ ನಾನು ಅದರಲ್ಲಿರ್ತೀನಿ" ಅಂತ ತೋರಿಸಿದೆ. ಅಂಡರ್‌ಗ್ರೌಂಡ್ ಅನ್ನೋದು ಹೆಸರಿಗಷ್ಟೇ, ಅರ್ಧಕ್ಕಿಂತ ಹೆಚ್ಚು ಹಳಿ ನೆಲದ ಮೇಲೇ ಇದೆ. ಪೂರ್ವಕ್ಕೆ ಹೋಗ್ತಾ ರೈಲು ಸುರಂಗದಿಂದ ಹೊರಗೆ ಬಂತು. ಸಾಲುಮನೆಗಳ ಹಿತ್ತಲು, ಒಣಗಿ ಹಾಕಿದ ಬಟ್ಟೆ, ಮುರಿದ ಸೈಕಲ್ಲು ಕಾಣೋಕೆ ಶುರುವಾಯಿತು. ತಿಪಟೂರು ಮೂರು ದಿನದಲ್ಲಿ ಮೊದಲ ಸಲ ಮೊಬೈಲು ಜೇಬಿಗಿಟ್ಟು ಕಿಟಕಿಯಾಚೆ ನೋಡಿದ.

ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ ಇಳಿದರೆ ದೋಸೆ ಹೋಟೆಲ್ಲು, ಚಿನ್ನದಂಗಡಿ, ಸೀರೆ ಅಂಗಡಿ, ಕರಿಬೇವು ಮಾರುವ ತರಕಾರಿ ಅಂಗಡಿ. ತಮಿಳು, ಮಲಯಾಳಂ, ತೆಲುಗು, ಬಂಗಾಳಿ ಎಲ್ಲ ಕಿವಿಗೆ ಬೀಳುತ್ತೆ. ನಾನು ಶನಿವಾರ ಕೊತ್ತಂಬರಿ ತಗೊಳ್ಳೋ ಅಂಗಡಿ, ಮನೆಯ ವಾಷಿಂಗ್ ಮಷಿನ್ ಕೆಟ್ಟಾಗ ಬಟ್ಟೆ ಹೊತ್ತುಕೊಂಡು ಹೋಗೋ ಲಾಂಡ್ರಿ, ಮೊದಲ ಚಳಿಗಾಲದಲ್ಲಿ ಮನೆಯಲ್ಲಿ ಹೀಟರ್ ಹಾಕೋಕೆ ದುಡ್ಡು ಉಳಿಸಲು ಭಾನುವಾರ ಕೂರ್ತಿದ್ದ ಲೈಬ್ರರಿ, ಎಲ್ಲ ತೋರಿಸಿದೆ. ಆಮೇಲೆ ನನ್ನ ರೂಮು. ಮೂರು ಜನ ಮಂಚದ ಮೇಲೆ ಸಾಲಾಗಿ ಕೂತೆವು, ಬೇರೆ ಜಾಗ ಇರಲಿಲ್ಲ. ಶಿರಸಿ ಸುತ್ತ ನೋಡಿ "ಹಾಸ್ಟೆಲ್ಲೇ ವಾಸಿ ಇತ್ತಲ್ಲೋ ಮಾರಾಯ" ಅಂದ. ಅಷ್ಟು ಹೊತ್ತು ಹಿಡಿದಿಟ್ಟ ನಗು ಮೂವರಿಗೂ ಒಟ್ಟಿಗೇ ಬಂತು. ನನ್ನ ಅರೆಯಲ್ಲಿದ್ದ ಹಿಟ್ಟಿನಿಂದ ದೋಸೆ ಹುಯ್ದೆ. ನಿಜ ಹೇಳ್ತೀನಿ, ಲಂಡನ್ ಐ ಮೇಲೆ ನಾವು ಅಷ್ಟು ನಕ್ಕಿರಲಿಲ್ಲ.

ಅಡುಗೆಮನೆಯಲ್ಲಿ ಪಕ್ಕದ ರೂಮಿನ ಹುಡುಗ ಸಿಕ್ಕಿದ. ಆಂಧ್ರದವನು, ಇಲ್ಲೇ ಎಂಎಸ್ ಮುಗಿಸಿದವನು, ರಾತ್ರಿ ಪಾಳಿಯ ಗೋದಾಮಿನ ಕೆಲಸ ಮುಗಿಸಿ ಬಂದಿದ್ದ. ತಿಪಟೂರು ಅವನ ಜೊತೆ ಒಂದು ಗಂಟೆ ಕೂತು ಕೇಳಿದ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಓದುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು, ಅದರಲ್ಲಿ ಫೀಸು ಕಟ್ತೀನಿ ಅನ್ನೋದು ಕನಸು ಅಂದ. ವೀಸಾಕ್ಕೆ ಮೊದಲೇ ಖರ್ಚಿನ ದುಡ್ಡು ತೋರಿಸಬೇಕು. 2025ರ ಜನವರಿಯಿಂದ ಆಗ ಆ ಲೆಕ್ಕ ಲಂಡನ್ನಿನಲ್ಲಾದರೆ ತಿಂಗಳಿಗೆ 1,483 ಪೌಂಡಿನಂತೆ ಒಂಬತ್ತು ತಿಂಗಳಿಗೆ 13,347, ಲಂಡನ್ನಿನ ಹೊರಗಾದರೆ ತಿಂಗಳಿಗೆ 1,136 ಇತ್ತು. ಓದಿದ ಮೇಲೆ ಕೆಲಸ ಹುಡುಕೋಕೆ ಕೊಡ್ತಿದ್ದ ಎರಡು ವರ್ಷವನ್ನ 18 ತಿಂಗಳಿಗೆ ಇಳಿಸ್ತೀವಿ ಅಂತ ಸರ್ಕಾರ ಅದೇ ಮೇ ತಿಂಗಳ ಶ್ವೇತಪತ್ರದಲ್ಲಿ ಹೇಳಿತ್ತು. ಅದೂ ಮುಗಿದ ಮೇಲೆ ಉಳೀಬೇಕಂದರೆ ಸ್ಪಾನ್ಸರ್ ಮಾಡೋ ಕಂಪನಿ ಬೇಕು. ಅದಕ್ಕೆ ಬೇಕಾದ ಸಾಮಾನ್ಯ ಸಂಬಳದ ಮಿತಿ 2024ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 26,200ರಿಂದ 38,700 ಪೌಂಡಿಗೆ ಏರಿತ್ತು. ಹೊಸದಾಗಿ ಓದು ಮುಗಿಸಿದವರಿಗೆ ರಿಯಾಯಿತಿ ಇದೆ, ಆದರೂ ಸ್ಪಾನ್ಸರ್ ಅಂದ ತಕ್ಷಣ ಫೋನ್ ಇಡೋ ಕಂಪನಿಗಳನ್ನೇ ತಾನು ನೋಡಿದ್ದು ಹೆಚ್ಚು ಅಂದ.

ಕೊನೆಗೆ ಆ ಹುಡುಗ ಹೇಳಿದ: "ಬರಬೇಡ ಅಂತ ಹೇಳ್ತಿಲ್ಲ ಅಣ್ಣ. ನಾನು ಬಂದಾಗ ಇದನ್ನೆಲ್ಲ ಯಾರೂ ಹೇಳಿರಲಿಲ್ಲ. ಫೋಟೋ ಕಳಿಸ್ತಿದ್ದರು."

ಈಗ ನನ್ನ ಎದುರುಪಾರ್ಟಿಯವರಿಗೆ ಉತ್ತರ. ಈ ಕಥೆ ಹೇಳಿದಾಗ ಇಲ್ಲಿನ ಕನ್ನಡದ ಗೆಳೆಯರು ಮೂರು ಆಕ್ಷೇಪ ಎತ್ತಿದರು. ಮೂರೂ ಕೇಳೋಕೆ ಚೆನ್ನಾಗಿವೆ.

ಮೊದಲನೆಯದು, "ಪಾಪ, ಅವರು ರಜೆ ಹಾಕಿ, ದುಡ್ಡು ಖರ್ಚು ಮಾಡಿ ಬಂದಿರ್ತಾರೆ. ನಿನ್ನ ಗೋಳು ಕೇಳೋಕೆ ಬಂದಿರ್ತಾರಾ? ಖುಷಿಯಾಗಿ ತಿರುಗಾಡಿ ಹೋಗಲಿ ಬಿಡು." ತಿರುಗಾಡಬಾರದು ಅಂತ ನಾನೆಲ್ಲಿ ಹೇಳಿದೆ? ಟಿಪ್ಪುವಿನ ಹುಲಿ ನೋಡಲೇಬೇಕು, ಗ್ರೀನಿಚ್ ಗುಡ್ಡ ಹತ್ತಲೇಬೇಕು. ಆದರೆ ಗೋಪುರ ನೋಡೋಕೆ ಮಾತ್ರ ಆಗಿದ್ದರೆ ಟೂರ್ ಕಂಪನಿ ಇದೆ, ನನಗಿಂತ ಚೆನ್ನಾಗಿ ತೋರಿಸ್ತಾರೆ. ನನ್ನ ಗೆಳೆಯ ಐದು ವರ್ಷದ ಮೇಲೆ ಬಂದದ್ದು ಲಂಡನ್ ನೋಡೋಕಷ್ಟೇ ಅಲ್ಲ, ನನ್ನನ್ನ ನೋಡೋಕೆ. ನಾನು ಇಲ್ಲದ ಲಂಡನ್ ತೋರಿಸಿ ಕಳಿಸಿದರೆ ಅವನಿಗೆ ಮೋಸ.

ಎರಡನೆಯದು, "ಕಷ್ಟ ತೋರಿಸೋದೂ ಒಂದು ಥರದ ಜಂಭವೇ. ಸುಖವಾಗಿದ್ದುಕೊಂಡು ಗೋಳು ಹಾಡೋದು." ಈ ಮಾತಿನಲ್ಲಿ ಸತ್ಯ ಇದೆ, ಒಪ್ತೀನಿ. ಊರಿಗೆ ಹೋದಾಗಲೆಲ್ಲ "ಅಯ್ಯೋ ಅಲ್ಲಿ ಎಲ್ಲ ನಾವೇ ಮಾಡ್ಕೋಬೇಕು" ಅಂತ ನಿಟ್ಟುಸಿರು ಬಿಡೋರನ್ನ ನಾನೂ ನೋಡಿದೀನಿ, ನೋಡಿದರೆ ಓಡಿಹೋಗ್ತೀನಿ. ನಾನು ಹೇಳ್ತಿರೋದು ಗೋಳಿನ ಬಗ್ಗೆ ಅಲ್ಲ, ಪೂರ್ತಿ ಲೆಕ್ಕದ ಬಗ್ಗೆ. ಇಲ್ಲಿ ಒಳ್ಳೇದೂ ಇದೆ. ನಾನು ಮಾಡೋ ಕೆಲಸ ನನಗೆ ಇಷ್ಟ. ಆರು ಗಂಟೆಯ ಮೇಲೆ ಮ್ಯಾನೇಜರ್ ಫೋನ್ ಮಾಡೋದಿಲ್ಲ. ಮನೆ ಪಕ್ಕದ ಲೈಬ್ರರಿಯಲ್ಲಿ ಯಾವ ಪುಸ್ತಕ ಕೇಳಿದರೂ ತರಿಸಿಕೊಡ್ತಾರೆ. ಅದನ್ನೂ ಹೇಳಿದೆ. ಶಿರಸಿಯ ದೊಡ್ಡಪ್ಪ ಕೊಳೆತ ಅಡಿಕೆ ತೋರಿಸಿದ್ದು ಅಳೋಕೆ ಅಲ್ಲ. ಅದು ಅವರ ತೋಟ, ಅದಕ್ಕೆ ತೋರಿಸಿದರು.

ಮೂರನೆಯದು, ಎಲ್ಲಕ್ಕಿಂತ ಜಾಣತನದ್ದು. "ಯಾರ ತಮ್ಮ ಎಲ್ಲಿಗೆ ಹೋಗ್ತಾನೆ ಅನ್ನೋದು ಅವರವರ ಇಷ್ಟ, ನೀನ್ಯಾರು ನಿರ್ಧಾರ ಮಾಡೋಕೆ?" ನಾನು ನಿರ್ಧಾರ ಮಾಡಿಲ್ಲ ಸ್ವಾಮೀ. ಮೂರು ದಿನ ಫೋಟೋ ತೆಗೆಸಿದಾಗ ಮಾಡಿದ್ದೆ! ಪೈಪ್ ಒಡೆದಿದೆ ಅಂದಾಗ ಮಾಡಿದ್ದೆ! ನಾಲ್ಕನೇ ದಿನ ಆ ನಿರ್ಧಾರವನ್ನ ಅವರ ಕೈಗೆ ವಾಪಸ್ ಕೊಟ್ಟೆ, ಅಷ್ಟೇ.

ಆಮೇಲೆ ಏನಾಯಿತು ಅಂತ ಕೇಳ್ತೀರಿ. ಸಿನಿಮಾದ ಥರ ತಮ್ಮ ಊರಲ್ಲೇ ಉಳಿದು ತೆಂಗಿನ ತೋಟ ನೋಡಿಕೊಳ್ಳಲಿಲ್ಲ. ಅಪ್ಪ, ಅಣ್ಣ, ತಮ್ಮ ಮೂವರೂ ತಿಂಗಳುಗಟ್ಟಲೆ ಲೆಕ್ಕ ಹಾಕಿದರು. ಅವರು ಹೋಗಿ ತಿಂಗಳಿಗೇ, 2025ರ ಜುಲೈನಲ್ಲಿ, ಆ ಸಂಬಳದ ಮಿತಿ 41,700 ಪೌಂಡಿಗೆ ಏರಿತು. ಆಮೇಲೆ 18 ತಿಂಗಳ ಮಾತೂ ಪಕ್ಕಾ ಆಯಿತು, 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ ಅನ್ವಯ ಅಂತ. ಜನವರಿಯಲ್ಲಿ ಕೋರ್ಸ್ ಶುರು ಮಾಡಿ ಮುಂದಿನ ಜನವರಿಗೆ ಮುಗಿಸುವ ಹುಡುಗ ಸರಿಯಾಗಿ ಅದರ ಬಲೆಗೆ ಬೀಳ್ತಾನೆ. ಎರಡು ಸಲವೂ ತಿಪಟೂರಿಗೆ ಫೋನ್ ಮಾಡಿ ಹೇಳಿದೆ. ಹುಡುಗ ಎಲ್ಲ ಕೇಳಿಸಿಕೊಂಡು "ಆದ್ರೂ ಹೋಗ್ತೀನಿ" ಅಂದ. ಆದರೆ ಲಂಡನ್ ಬಿಟ್ಟು, ಬಾಡಿಗೆ ಕಡಿಮೆ ಇರುವ ಉತ್ತರದ ಊರೊಂದರಲ್ಲಿ, ಫೀಸು ಕಡಿಮೆ ಇರುವ ಕೋರ್ಸ್ ಹುಡುಕಿಕೊಂಡ. ತೋಟದ ಅರ್ಧದ ಮೇಲಷ್ಟೇ ಸಾಲ ತೆಗೆದರು. ಅದು ಸರಿಯೋ ತಪ್ಪೋ ಹೇಳೋನು ನಾನಲ್ಲ. ಕಣ್ಣು ಬಿಟ್ಟುಕೊಂಡು ಬಂದ, ಅಷ್ಟು ಗೊತ್ತು.

2026ರ ಜನವರಿಯ ಒಂದು ಮಧ್ಯಾಹ್ನ ಅವನನ್ನ ಹೀಥ್ರೋದಿಂದ ಕರ್ಕೊಂಡು ಬಂದೆ. ಮರುದಿನ ಅವನು ಉತ್ತರದ ರೈಲು ಹತ್ತಬೇಕಿತ್ತು. ವೈಟ್‌ಚಾಪೆಲ್‌ನಲ್ಲಿ ರೈಲು ಬದಲಾಯಿಸಿ ಈಸ್ಟ್ ಹ್ಯಾಮ್‌ಗೆ ಬರೋ ಹೊತ್ತಿಗೆ, ಇನ್ನೂ ಐದು ಗಂಟೆ, ಪೂರ್ತಿ ಕತ್ತಲಾಗಿತ್ತು. ರೂಮಿನ ಬಾಗಿಲು ಪೂರ್ತಿ ತೆರೆಯದೇ ಇದ್ದಾಗ ಸೂಟ್‌ಕೇಸನ್ನ ಅಡ್ಡ ಮಾಡಿ ತೂರಿಸಿದ. "ಅಣ್ಣ ಹೇಳಿದ್ದ" ಅಂದ. ನೆಲದ ಮೇಲೆ ಹಾಸಿಗೆ ಹಾಸಿದೆ, ಮೇಜಿನ ಕೆಳಗೆ ತಲೆ ಬರುವ ಹಾಗೆ. ಸೂಟ್‌ಕೇಸಿನಿಂದ ಅವನು ಮೊದಲು ತೆಗೆದದ್ದು ಅವರಪ್ಪ ಕಳಿಸಿದ ಉಂಡೆ ಕೊಬ್ಬರಿ.

ಹಾಗಾಗಿ ನಿಮ್ಮೂರಿಗೆ, ಅದು ಲಂಡನ್ನೇ ಆಗಲಿ, ದುಬೈ ಆಗಲಿ, ಸಿಂಗಪುರ ಆಗಲಿ, ಹಳೇ ಗೆಳೆಯರು ಬರ್ತಿದ್ದರೆ ನನ್ನದೊಂದು ಕೋರಿಕೆ. ಎಕ್ಸೆಲ್ ಶೀಟ್ ಮಾಡಿ, ಬೇಡ ಅನ್ನೋದಿಲ್ಲ. ಅದರ ಮೊದಲನೇ ಸಾಲಿನಲ್ಲಿ ನಿಮ್ಮ ಮನೆಯ ವಿಳಾಸ ಬರೀರಿ. ನಿಮ್ಮ ಬಸ್ಸು, ನಿಮ್ಮ ಅಂಗಡಿ, ಕೆಟ್ಟ ವಾರದಲ್ಲಿ ನೀವು ಕೂರೋ ಬೆಂಚು ತೋರಿಸಿ. ಸಂಬಳ ಎಷ್ಟು ಅಂತ ಕೇಳಿದರೆ ಖರ್ಚು ಎಷ್ಟು ಅಂತಲೂ ಹೇಳಿ. ಆಮೇಲೆ ಸಮಯ ಉಳಿದರೆ ಗೋಪುರಗಳು ಎಲ್ಲೂ ಓಡಿಹೋಗೋದಿಲ್ಲ.

ನಿಮ್ಮ ಮನೆಯಲ್ಲೂ ಏನಾದರೂ ರಿಪೇರಿ ನಡೀತಿತ್ತಾ? ನಿಜ ಹೇಳಿ!